ಹಿತ್ತಲ ಮನೆಗೆ ಬಂದ ಅಲಾಸ್ಕಾದ ನೆಂಟ

ನಮ್ಮ ಕ್ಲಾಮ್ ಹಾರ್ಬರ್ ಪಟ್ಟಣದ ನಿಯಮಾವಳಿಯಲ್ಲಿ ನೂರಾ ಹನ್ನೆರಡು ಪುಟಗಳಿವೆ. ಅದನ್ನು ಪೂರ್ತಿ ಓದಿದವರು ಮೂವರೇ: ಬರೆದ ವಕೀಲ, ಅಚ್ಚಿನ ತಪ್ಪು ತಿದ್ದಿದ ನಾನು ಮತ್ತು ಥೆಲ್ಮಾ ಕ್ರೌಡರ್. ವಕೀಲ ಊರು ಬಿಟ್ಟು ಹೋದ. ನಾನು ಓದಿದ್ದನ್ನು ಮರೆತೆ. ಥೆಲ್ಮಾ ಮಾತ್ರ ಮರೆಯಲಿಲ್ಲ. ಮರ್ವಿನ್ ಪೆಟಿಬೋನ್ ಪಟ್ಟ ಪಾಡಿಗೆಲ್ಲ ಮೂಲ ಇದೇ.

ಮರ್ವಿನ್ ಮೂವತ್ತೊಂದು ವರ್ಷ ಬಂದರು ರಸ್ತೆಯ ಬೂಟಿನ ಅಂಗಡಿಯಲ್ಲಿ ಜನರ ಕಾಲು ಅಳೆದವನು. ನಿವೃತ್ತನಾದ ಮೇಲೆ ಅಳೆಯಲು ಏನೂ ಇಲ್ಲದೆ ಚಡಪಡಿಸುತ್ತಿದ್ದಾಗ ಪಟ್ಟಣ ಯೋಜನಾ ಸಮಿತಿಯಲ್ಲಿ ಒಂದು ಜಾಗ ಖಾಲಿಯಾಯಿತು. ಸಂಬಳವಿಲ್ಲದ ಕೆಲಸ, ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ಮೂರು ತಾಸು ಗಟ್ಟಿ ಕುರ್ಚಿಯ ಮೇಲೆ ಕೂರಬೇಕು. ಹಾಗಾಗಿ ಪೈಪೋಟಿ ಇರಲಿಲ್ಲ. ಆದರೆ ಅವನ ಮುಂದೆ 'ಕಮಿಷನರ್ ಪೆಟಿಬೋನ್' ಎಂದು ಕೆತ್ತಿದ ಫಲಕವೊಂದನ್ನು ಇಟ್ಟರು. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಬ್ರೆಡ್ ತರಲು ಹೋದರೂ ಬೇಕರಿಯ ಕಟ್ಟಡವನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿಯೇ ಒಳಗೆ ಹೋಗುತ್ತಿದ್ದ. ಕಡತ ಓದುವುದು ಮಾತ್ರ ಕಮಿಷನರನ ಘನತೆಗೆ ತಕ್ಕದ್ದಲ್ಲ ಎಂದು ಹೇಗೋ ತೀರ್ಮಾನಿಸಿದ್ದ. ಇದೆಲ್ಲ ನನಗೆ ಗೊತ್ತಿರುವುದು ಎರಡು ಕಾರಣಕ್ಕೆ. ನನ್ನ ಮನೆ ಅವನ ಮನೆಯ ಎದುರಿಗಿದೆ, ಮತ್ತು ಸಮಿತಿಯ ನಡಾವಳಿ ಬರೆಯುವವನು ನಾನೇ.

ಮಾರ್ಚ್ ತಿಂಗಳ ಒಂದು ಸಭೆಗೆ 'ಪೂರಕ ವಸತಿ ಘಟಕಗಳಲ್ಲಿ ಅಲ್ಪಾವಧಿ ಅತಿಥಿಗಳು' ಎಂಬ ವಿಷಯ ಬಂತು. ಮನೆಯ ಹಿತ್ತಲಲ್ಲಿ ಕಟ್ಟಿಕೊಳ್ಳುವ ಪುಟ್ಟ ಮನೆಗೆ ಸರ್ಕಾರಿ ಭಾಷೆಯಲ್ಲಿ ಪೂರಕ ವಸತಿ ಘಟಕ ಎನ್ನುತ್ತಾರೆ. ಸಮುದ್ರ ನೋಡಲು ಬಂದವರಿಗೆ ಅದನ್ನು ಎರಡು ಮೂರು ದಿನಕ್ಕೆ ಬಾಡಿಗೆ ಕೊಡುವವರು ಊರಲ್ಲಿ ಹೆಚ್ಚಿದ್ದರು, ಊರಿನವರಿಗೇ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಮರ್ವಿನ್‌ಗೆ ಇದೊಂದೂ ಗೊತ್ತಿರಲಿಲ್ಲ. ಪೂರಕ ವಸತಿ ಎಂದರೆ ಗಾಲಿ ಮೇಲೆ ಓಡಾಡುವ ಟ್ರೇಲರ್ ಮನೆ ಎಂದು ಅವನು ತಿಳಿದಿದ್ದ. ಹಿಂದಿನ ವಾರವಷ್ಟೇ ಅಂಥದ್ದೊಂದು ಟ್ರೇಲರ್ ಅವನ ಕಿಟಕಿಗೆ ಅಡ್ಡವಾಗಿ ನಿಂತು ನಾಲ್ಕು ದಿನ ಸಮುದ್ರ ಕಾಣದ ಹಾಗೆ ಮಾಡಿತ್ತು. ಆ ಸಿಟ್ಟಿತ್ತು. ಜೊತೆಗೆ ಪತ್ರಿಕೆಯ ಫೋಟೋಗ್ರಾಫರ್ ಕೂಡ ಬಂದಿದ್ದ. ಮರ್ವಿನ್ ಎದ್ದು ನಿಂತ.

"ಪೂರಕ ವಸತೀಲಿ ಮೂವತ್ತು ದಿನಕ್ಕಿಂತ ಕಡಿಮೆ ಒಂದು ನರಪಿಳ್ಳೇನೂ ಬಾಡಿಗೆಗೆ ಇಡಕೂಡದು!" ಎಂದು ಮೇಜು ಗುದ್ದಿದ. "ರಕ್ತಸಂಬಂಧಿ ಆದ್ರೆ ಇರಲಿ. ಅದೂ ಪುಕ್ಕಟೆ. ಅದೂ ಕೇಳಿದ್ರೆ ಪುರಾವೆ ಕೊಡಬೇಕು!"

ಚಪ್ಪಾಳೆ ಬಿತ್ತು. ಥೆಲ್ಮಾ ಎದ್ದು ನಿಂತು ಹೊಡೆದಳು. ತಿದ್ದುಪಡಿ ಅವಿರೋಧವಾಗಿ ಪಾಸಾಯಿತು. ಮರ್ವಿನ್ ಕೈ ಎತ್ತಿದ ಭಂಗಿಯಲ್ಲೇ ಅವನ ಫೋಟೋ ಪತ್ರಿಕೆಯಲ್ಲಿ ಬಂತು. ಅದೇ ಹೊತ್ತಿಗೆ ಅವನ ಹಿತ್ತಲಲ್ಲಿ ಬಡಗಿಗಳು ಒಂದು ಪುಟ್ಟ ಮನೆಗೆ ಬಾಗಿಲು ಕೂರಿಸುತ್ತಿದ್ದರು. ಅದಕ್ಕೂ ತನ್ನ ಭಾಷಣಕ್ಕೂ ಏನಾದರೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಅದಕ್ಕೆ ಗಾಲಿ ಇರಲಿಲ್ಲವಲ್ಲ.

ಜೂನ್ ಬರುತ್ತಲೇ ಅವನ ಹೆಂಡತಿ ಡೊರೀನ್ ಹಿತ್ತಲ ಮನೆಗೆ ಹಳದಿ ಪರದೆ ಹಾಕಿ, ಕಿಟಕಿಯಲ್ಲಿ ಹೂಕುಂಡ ಇಟ್ಟು, ನಾಲ್ಕು ಫೋಟೋ ತೆಗೆದು ಅಂತರ್ಜಾಲದಲ್ಲಿ ಹಾಕಿದಳು. ಎರಡೇ ದಿನಕ್ಕೆ ಮೊದಲ ಅತಿಥಿ ಸಿಕ್ಕ. ಐವರ್ ಲುಂಡ್ ಎಂಬಾತ, ನಾರ್ತ್ ಡಕೋಟದ ಫಾರ್ಗೊ ಊರಿನವನು, ಹತ್ತು ದಿನಕ್ಕೆ. ಮಂಗಳವಾರ ಬೆಳಿಗ್ಗೆ ತನ್ನ ಕಾರಿನಲ್ಲಿ ಬಂದಿಳಿದ. ಎತ್ತರದ ಆಳು, ವಯಸ್ಸು ಅರವತ್ತೈದರ ಆಸುಪಾಸು, ಕೈಯಲ್ಲೊಂದು ಹಳೆಯ ಸೂಟ್‌ಕೇಸ್. ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವನು, ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ. ಮರ್ವಿನ್ ಕಮಿಷನರನ ಗತ್ತಿನಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಹಿತ್ತಲಿಗೆ ಹೊರಟ. ಅಷ್ಟರಲ್ಲಿ ಬೇಲಿಯ ಗಿಡಗಳ ಮೇಲೆ ಪಕ್ಕದ ಮನೆಯ ಥೆಲ್ಮಾಳ ಹುಲ್ಲಿನ ಟೋಪಿ ಮೂಡಿತು.

"ಯಾರು ಬಂದಿರೋದು ಮರ್ವಿನ್?"

"ನಮ್ಮ ಗೆಸ್ಟು," ಎಂದ ಮರ್ವಿನ್ ಹೆಮ್ಮೆಯಿಂದ.

"ಎಷ್ಟು ದಿನಕ್ಕೆ?"

"ಹತ್ತು."

ಟೋಪಿ ಇನ್ನಷ್ಟು ಮೇಲೆ ಬಂತು. "ಹತ್ತಾ? ಮೂವತ್ತು ದಿನಕ್ಕಿಂತ ಕಡಿಮೆ ನರಪಿಳ್ಳೇನೂ ಇಡಕೂಡದು ಅಂತ ಮೇಜು ಗುದ್ದಿದ್ದು ನೀವೇ ಅಲ್ವೇನ್ರೀ ಕಮಿಷನರ್ ಸಾಹೇಬ್ರೇ?"

"ಅದು ಗಾಲಿ ಇರೋದಕ್ಕೆ."

"ಯಾವ ಗಾಲಿ?" ಥೆಲ್ಮಾ ಕೈಚೀಲದಿಂದ ಮಡಿಸಿದ ಕಾಗದ ತೆಗೆದಳು. ಬೇರೆ ಹೆಂಗಸರು ಮೊಮ್ಮಕ್ಕಳ ಫೋಟೋ ಇಟ್ಟುಕೊಂಡು ತಿರುಗುವ ಜಾಗದಲ್ಲಿ ಅವಳು ನಿಯಮಾವಳಿ ಇಟ್ಟುಕೊಂಡು ತಿರುಗುತ್ತಾಳೆ. "ಪೂರಕ ವಸತಿ ಅಂದರೆ ಮುಖ್ಯ ಮನೆಯ ಹಿತ್ತಲಲ್ಲಿ ಕಟ್ಟಿದ, ಅಡುಗೆಗೂ ಸ್ನಾನಕ್ಕೂ ಅನುಕೂಲವಿರುವ ಚಿಕ್ಕ ಮನೆ. ಓದ್ಲಾ ಇನ್ನೂ?"

ಮರ್ವಿನ್ ತನ್ನ ಹಿತ್ತಲನ್ನು ನೋಡಿದ. ಅಲ್ಲಿ ಅಡುಗೆಗೂ ಸ್ನಾನಕ್ಕೂ ಅನುಕೂಲವಿರುವ ಚಿಕ್ಕ ಮನೆಯೊಂದು ಹಳದಿ ಪರದೆ ಹಾಕಿಕೊಂಡು ನಿಂತಿತ್ತು. ಆ ಕ್ಷಣದಲ್ಲಿ ತನಗೆ ಸಭೆ ಕಂಡಿತು, ಪತ್ರಿಕೆ ಕಂಡಿತು, ತನ್ನ ಹೆಸರಿನ ಫಲಕವನ್ನು ಯಾರೋ ಕಸದ ಬುಟ್ಟಿಗೆ ಎಸೆಯುವುದೂ ಕಂಡಿತು ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡ.

"ಗೆಸ್ಟು ಅಂದ್ರೆ ಗೆಸ್ಟಲ್ಲ," ಎಂದ. "ನೆಂಟರು. ರಕ್ತ. ನಮ್ಮ ಚಿಕ್ಕಪ್ಪನ ಮಗ. ಎಮೆಟ್ ಚಿಕ್ಕಪ್ಪ ಇದ್ರಲ್ಲ, ಅಲಾಸ್ಕಾಗೆ ಹೋದವರು. ಅವರ ಮಗ."

ಇಷ್ಟು ಹೇಳಿ ಐವರ್ ಕಡೆ ತಿರುಗಿದ. ಆ ನೋಟದಲ್ಲಿ, ಮುಳುಗುವವನು ದಡದಲ್ಲಿ ನಿಂತವನ ಕಡೆ ನೋಡುವ ದೈನ್ಯವಿತ್ತು. ಐವರ್ ನಿಧಾನವಾಗಿ ಟೋಪಿ ತೆಗೆದ.

"ಹೌದಮ್ಮ. ಅಲಾಸ್ಕಾ," ಎಂದ. "ತುಂಬಾ ಚಳಿ."

ಅಡುಗೆಮನೆಯಲ್ಲಿ ಡೊರೀನ್ ಗಂಡನನ್ನು ಹಿಡಿದುಕೊಂಡಳು. "ನಿನಗೇನಾದ್ರೂ ಬುದ್ಧಿ ಇದೆಯಾ? ನೀನೇ ಮಾಡಿದ ಕಾನೂನನ್ನ ನೀನೇ ಓದಲಿಲ್ವಾ?"

"ಓದೋದಕ್ಕೆ ಎಲ್ಲಿತ್ತು ಟೈಮು, ಮಾಡ್ತಾ ಇದ್ನಲ್ಲ!" ಎಂದ ಮರ್ವಿನ್. ಆಮೇಲೆ ಐವರ್‌ನ ಕಡೆ ತಿರುಗಿ ಕೈ ಹಿಸುಕಿಕೊಂಡ. "ಸಾರ್, ದಯವಿಟ್ಟು ತಪ್ಪು ತಿಳ್ಕೋಬೇಡಿ. ನೀವು ಕೊಟ್ಟಿದ್ದೆಲ್ಲ ವಾಪಸ್ ಕೊಡ್ತೀವಿ. ಎಲ್ಲಾದ್ರೂ ಹೋಟೆಲ್ ನೋಡಿಕೊಳ್ಳಿ."

ಐವರ್ ಯೋಚಿಸಿದ. ಲಿಫ್ಟ್ ರಿಪೇರಿಯವರು ಯಾವುದನ್ನೂ ಅವಸರದಲ್ಲಿ ಮಾಡುವುದಿಲ್ಲ. "ಹೋಗಬಹುದು," ಎಂದ. "ಆದ್ರೆ ಬಂದ ದಿನವೇ ಹೋಟೆಲಿಗೆ ಹೋದ್ರೆ ಆ ಟೋಪಿ ಅಮ್ಮ ಕೇಳಲ್ವಾ, ಇಷ್ಟು ವರ್ಷದ ಮೇಲೆ ಬಂದವನ ಜೊತೆ ಅರ್ಧ ಗಂಟೆಗೇ ಜಗಳಾನಾ ಅಂತ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ನನಗೇನೂ ತೊಂದರೆ ಇಲ್ಲ," ಎಂದು ಐವರ್ ಕಾಫಿ ಬಗ್ಗಿಸಿಕೊಂಡ. "ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಹತ್ತು ದಿನ ಇದ್ರೆ ಚೆನ್ನಾಗೇ ಇರುತ್ತೆ. ನಮ್ಮಪ್ಪನ ಹೆಸರು ಏನಂದ್ರಿ? ಎಮೆಟ್ಟಾ?"

ಅಷ್ಟು ಹೊತ್ತಿಗೆ ಥೆಲ್ಮಾ ಫೋನ್ ಕೈಗೆತ್ತಿಕೊಂಡಾಗಿತ್ತು.

ಎಮೆಟ್ ಎನ್ನುವ ಚಿಕ್ಕಪ್ಪ ನಿಜಕ್ಕೂ ಇದ್ದ. ಐವತ್ತೊಂಬತ್ತು ವರ್ಷದ ಹಿಂದೆ, ಇಬ್ಬರೂ ಕೂಡಿ ಕೊಂಡ ಮೀನು ದೋಣಿಗೆ ಯಾರ ತಾಯಿಯ ಹೆಸರಿಡಬೇಕು ಎಂದು ಮರ್ವಿನ್‌ನ ಅಪ್ಪನ ಜೊತೆ ಜಗಳಾಡಿ ಅಲಾಸ್ಕಾಗೆ ಹೊರಟುಹೋದ. ಇಬ್ಬರಿಗೂ ತಾಯಿ ಒಬ್ಬಳೇ ಎಂಬುದು ಜಗಳದ ಬಿಸಿಯಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅವನಿಂದ ಕಾಗದವಿಲ್ಲ, ಸುದ್ದಿಯಿಲ್ಲ. ಅವನು ಹೋದಾಗ ಮರ್ವಿನ್ ಐದು ವರ್ಷದ ಪೋರ. ಅಕ್ಕ ಲೊರೆಟ್ಟಾಗೆ ಏಳು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು ಸುತ್ತಿಸುತ್ತಿದ್ದ ಚಿಕ್ಕಪ್ಪ ಅವನು. ಅವಳು ಮರೆತಿರಲಿಲ್ಲ.

ಥೆಲ್ಮಾಳ ಫೋನ್ ಹೋದ ಇಪ್ಪತ್ತು ನಿಮಿಷದಲ್ಲಿ ಲೊರೆಟ್ಟಾ ಬಂದಳು. ಒಲೆಯಿಂದ ಆಗಷ್ಟೇ ತೆಗೆದ ಮ್ಯಾರಿಯನ್‌ಬೆರಿ ಹಣ್ಣಿನ ಪೈ ಒಂದು ಕೈಯಲ್ಲಿ, ಚಿಕ್ಕಪ್ಪನ ಹಳೆಯ ಫೋಟೋ ಇನ್ನೊಂದು ಕೈಯಲ್ಲಿ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಊರಿನ ಗ್ರಂಥಾಲಯ ನೋಡಿಕೊಳ್ಳುವ ಗಟ್ಟಿ ಹೆಂಗಸು, ಯಾರ ಮುಂದೆಯೂ ಅತ್ತವಳಲ್ಲ. ಬಾಗಿಲಲ್ಲಿ ಐವರ್‌ನನ್ನು ನೋಡಿದವಳೇ ಪೈಯನ್ನು ತಮ್ಮನ ಕೈಗೆ ತುರುಕಿ, ಎರಡೂ ಕೈಯಿಂದ ಅವನ ಮುಖ ಹಿಡಿದುಕೊಂಡು ಗಳಗಳನೆ ಅತ್ತಳು.

"ಅದೇ ಕಣ್ಣು ಕಣೋ ಮರ್ವಿನ್! ನೋಡೋ, ಅದೇ ಕಣ್ಣು!"

ಫೋಟೋದಲ್ಲಿದ್ದ ಎಮೆಟ್‌ನ ಕಣ್ಣು ಕಪ್ಪು. ಐವರ್‌ನದು ನೀಲಿ. ಫೋಟೋ ಕಪ್ಪುಬಿಳುಪಿನದಾದ್ದರಿಂದ ವಾದಕ್ಕೆ ಅವಕಾಶವಿರಲಿಲ್ಲ. ಮರ್ವಿನ್ ಬಾಯಿ ತೆರೆದ. "ಅಕ್ಕಾ, ಒಂದು ನಿಮಿಷ..." ಎನ್ನುವಷ್ಟರಲ್ಲಿ ಬಿಸಿ ಪೈ ಕೈ ಸುಟ್ಟಿತು, ಅವನು ಕುಣಿದ, ಮಾತು ಅಲ್ಲೇ ನಿಂತಿತು. ಆಮೇಲೆ ಹೇಳಬೇಕೆಂದುಕೊಂಡಾಗ ಅಕ್ಕ ಐವರ್‌ನ ಪಕ್ಕ ಕೂತು, "ನಿಮ್ಮಪ್ಪ ನನ್ನ ಹೆಸರು ಯಾವಾಗಲಾದ್ರೂ ಹೇಳ್ತಿದ್ರಾ?" ಎಂದು ಕೇಳುತ್ತಿದ್ದಳು.

ಐವರ್ ಮರ್ವಿನ್‌ನ ಮುಖ ನೋಡಿದ. ಲೊರೆಟ್ಟಾಳ ಮುಖ ನೋಡಿದ. "ದಿನಾ," ಎಂದ.

ಊರಿನಲ್ಲಿ ಹಬ್ಬವೇ ಆಯಿತು. ಮೊದಲ ದಿನ ಏಳು ಮನೆಯಿಂದ ಕ್ಯಾಸರೋಲ್ ಎಂಬ ಬೇಯಿಸಿದ ಅಡುಗೆ ಪಾತ್ರೆ ಸಮೇತ ಬಂತು. ಅದರಲ್ಲಿ ಐದು ಟ್ಯೂನಾ ಮೀನಿನವು. ಎರಡನೇ ದಿನ ಪಾದ್ರಿ ಬಂದು, ಕಳೆದುಹೋಗಿ ಸಿಕ್ಕವರ ಬಗ್ಗೆ ಭಾನುವಾರ ಪ್ರವಚನ ಮಾಡುವುದಾಗಿ ತಿಳಿಸಿ ಹೋದರು. ಮೂರನೇ ದಿನ ಬಂದರಿನ ಮೀನುಗಾರರು ಅಲಾಸ್ಕಾದ ಏಡಿ ಬೇಟೆಯ ವಿಷಯ ಕೇಳಬೇಕೆಂದು ಐವರ್‌ನನ್ನು ಹೊತ್ತುಕೊಂಡೇ ಹೋದರು. ಐವರ್ ಜೀವಮಾನದಲ್ಲಿ ಏಡಿ ಕಂಡಿದ್ದು ಊಟದ ತಟ್ಟೆಯಲ್ಲಿ ಮಾತ್ರ. ಹಾಗಾಗಿ ಏಡಿಯ ಮಾತು ಬಿಟ್ಟು ಕರಡಿಯ ಕತೆ ಹೇಳಿದ. ಅಡುಗೆಮನೆಗೆ ನುಗ್ಗಿದ ಕರಡಿಯೊಂದನ್ನು ತಾನು ಮುಕ್ಕಾಲು ಗಂಟೆ ಮಾತನಾಡಿಸಿ, ಒಪ್ಪಿಸಿ, ಹೊರಗೆ ಕಳಿಸಿದ ಕತೆ. ಹೇಳುವಾಗ ಅವನ ದನಿ ಎಷ್ಟು ತಣ್ಣಗಿತ್ತೆಂದರೆ ನನಗೂ ನಂಬಿಕೆ ಬಂತು. ಮೀನುಗಾರರಂತೂ ಅವನಿಗೆ ಬಿಯರಿನ ಹಣ ಕೊಡಲು ಬಿಡಲಿಲ್ಲ.

ನಾಲ್ಕನೇ ದಿನ ಗ್ರಂಥಾಲಯದ ಲಿಫ್ಟ್ ನೋಡಿದ. ಎಂಟು ತಿಂಗಳಿಂದ ಒಂದೂವರೆ ಮಹಡಿಯಲ್ಲಿ ಸಿಕ್ಕಿ ನಿಂತಿತ್ತು. ಐವರ್ ಅಂಗಿಯ ತೋಳು ಮಡಿಸಿ, ಲೊರೆಟ್ಟಾಗೆ ಟಾರ್ಚ್ ಹಿಡಿಯಲು ಹೇಳಿ, ಒಂದು ತಾಸಿನಲ್ಲಿ ಅದನ್ನು ಓಡಿಸಿದ. ಅಲ್ಲೇ ಪತ್ರಿಕೆ ಓದುವವಳ ಹಾಗೆ ಕೂತಿದ್ದ ಥೆಲ್ಮಾ ಕೇಳಿದಳು:

"ಅಲಾಸ್ಕಾದಲ್ಲಿ ಅಷ್ಟೊಂದು ಲಿಫ್ಟ್ ಇದೆಯೇನ್ರೀ?"

"ಇರಲೇಬೇಕಲ್ಲಮ್ಮ," ಎಂದ ಐವರ್ ಕೈ ಒರೆಸಿಕೊಳ್ಳುತ್ತ. "ಕರಡಿಗೆ ಹೆದರಿ ಎಲ್ಲರೂ ಮೇಲಿನ ಮಹಡೀಲೇ ಇರ್ತಾರೆ."

ಇಷ್ಟರಲ್ಲಿ ಮರ್ವಿನ್ ಸೊರಗಿದ. ಊರಲ್ಲಿ ಅವನನ್ನು ಈಗ ಯಾರೂ ಕಮಿಷನರ್ ಎನ್ನುತ್ತಿರಲಿಲ್ಲ. "ಐವರ್‌ನ ತಮ್ಮ ಅಲ್ವಾ ನೀವು?" ಎನ್ನುತ್ತಿದ್ದರು. ಒಮ್ಮೆ ಬೇಕರಿಯಲ್ಲಿ ಐವರ್ ತನ್ನ, ಅಂದರೆ ಮರ್ವಿನ್‌ನ, ಬಾಲ್ಯದ ಕತೆಯನ್ನೇ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಲೊರೆಟ್ಟಾ ಹೇಳಿದ್ದನ್ನೇ ಕೇಳಿಕೊಂಡು ಹೇಳುತ್ತಿದ್ದ, ಆದರೆ ಮರ್ವಿನ್‌ಗಿಂತ ಚೆನ್ನಾಗಿ ಹೇಳುತ್ತಿದ್ದ. ಹೊರಗೆ ನಿಂತು ಕೇಳಿದ ಮರ್ವಿನ್ ತನ್ನ ಬಾಲ್ಯಕ್ಕೆ ತಾನೇ ನಕ್ಕು, ನಕ್ಕಿದ್ದಕ್ಕೆ ಬೇಸರಪಟ್ಟು, ಬ್ರೆಡ್ ಮರೆತು ಮನೆಗೆ ಬಂದ.

ಶನಿವಾರ ಪಟ್ಟಣ ಕಚೇರಿಯಿಂದ ರೀಟಾ ಪಡಿಯಾ ಬಂದಳು. ನಿಯಮಪಾಲನೆಯ ಅಧಿಕಾರಿ, ಚುರುಕು ಹುಡುಗಿ, ನಗುವುದು ಕಡಿಮೆ. ಕೈಯಲ್ಲಿ ಥೆಲ್ಮಾಳ ದೂರು. ಅತಿಥಿಯ ಕಾರಿನ ನಂಬರ್ ಪ್ಲೇಟು ನಾರ್ತ್ ಡಕೋಟದ್ದು, ಅಲಾಸ್ಕಾದ್ದಲ್ಲ ಎಂಬುದು ದೂರಿನ ಮೊದಲ ಅಂಶ. ಅತಿಥಿಯ ಕಾರು ತನ್ನ ಮನೆಯ ಮುಂದಿನ ನೆರಳಿನಲ್ಲಿ ನಿಂತಿದೆ ಎಂಬುದು ಉಳಿದ ಐದು ಅಂಶ.

"ಸಾರ್, ಅವರ ತಂದೆ ಹೆಸರು?"

"ಎಮೆಟ್ ಪೆಟಿಬೋನ್."

"ಇವರ ಹೆಸರು?"

"ಐವರ್ ಲುಂಡ್."

ರೀಟಾ ತಲೆ ಎತ್ತಿದಳು. "ಪೆಟಿಬೋನ್ ಮಗ ಲುಂಡ್ ಹೇಗಾದ್ರು?"

ಮರ್ವಿನ್ ಕಾಲರ್ ಸರಿಮಾಡಿಕೊಂಡ. "ಅಲ್ಲಿ... ಅಲ್ಲಿ ಚಳಿಗೆ ಎಲ್ಲಾ ಚಿಕ್ಕದು ಮಾಡ್ಕೋತಾರೆ."

"ಸರಿ," ಎಂದು ರೀಟಾ ಅದನ್ನು ಹಾಗೆಯೇ ಬರೆದುಕೊಂಡಳು. "ಗುರುವಾರ ಸಂಜೆ ಆರಕ್ಕೆ ಸಮಿತಿ ಮುಂದೆ ವಿಚಾರಣೆ ಇರುತ್ತೆ. ರಕ್ತಸಂಬಂಧದ ಪುರಾವೆ ತನ್ನಿ. ಇಲ್ಲಾಂದ್ರೆ ಮನೆತನದ ಹಿರಿಯರು ಯಾರಾದ್ರೂ ಪ್ರಮಾಣ ಮಾಡಿ ಹೇಳಬೇಕು."

"ಪುರಾವೆ ಗಿರಾವೆ ಅಂತ ಎಲ್ಲಿದೆ ಮೇಡಂ?"

"ನೀವೇ ಸೇರಿಸಿದ್ದು ಸಾರ್. ಫೋಟೋ ಕೂಡ ಬಂದಿತ್ತು."

ಬುಧವಾರ ಮಧ್ಯಾಹ್ನ ಲೊರೆಟ್ಟಾ ಒಬ್ಬಳೇ ಬಂದಳು. ಎರಡು ದಿನದಿಂದ ಅವಳು ಸಪ್ಪಗಿದ್ದಳು. ಹೊಸ ನೀಲಿ ಬ್ಲೌಸ್ ತೊಟ್ಟಿದ್ದಳು, ಕೂದಲು ಸುರುಳಿ ಮಾಡಿಸಿಕೊಂಡಿದ್ದಳು, ಆದರೂ ಸಪ್ಪಗಿದ್ದಳು. ಮರ್ವಿನ್ ಈ ಮೂರನ್ನೂ ಬೇರೆ ಬೇರೆಯಾಗಿ ಗಮನಿಸಿದ. ಮೂರನ್ನೂ ಒಟ್ಟು ಮಾಡಿ ನೋಡಲು ಅವನಿಂದಾಗಲಿಲ್ಲ.

"ಲೋ ಮರ್ವಿನ್," ಎಂದಳು ಚಮಚದಿಂದ ಕಾಫಿ ತಿರುಗಿಸುತ್ತ. "ಚಿಕ್ಕಪ್ಪನ ಮಗ ಅಂದ್ರೆ ಎಷ್ಟು ಹತ್ತಿರ? ಕಾನೂನಿನ ಪ್ರಕಾರ?"

ಅಕ್ಕನಿಗೂ ಅನುಮಾನ ಬಂತು, ಎಂದುಕೊಂಡ ಮರ್ವಿನ್. "ಬಹಳ ಹತ್ತಿರ ಅಕ್ಕಾ! ಒಡಹುಟ್ಟಿದವರ ಹಾಗೇ! ಒಂದೇ ರಕ್ತ!"

"ಸ್ವಲ್ಪ ದೂರ ಅಂತ ಹೇಳೋದಕ್ಕೆ ಆಗಲ್ವಾ?"

"ಸಾಧ್ಯವೇ ಇಲ್ಲ! ಒಂದು ಚೂರೂ ದೂರ ಇಲ್ಲ!"

ಲೊರೆಟ್ಟಾ ಉಸಿರು ಬಿಟ್ಟಳು. ತಾನೇ ತಂದ ಪೈಯನ್ನು ಮುಟ್ಟದೆ ಎದ್ದಳು. "ಹಾಗಾದ್ರೆ ನಾಳೆ ನಾನೇ ಬಂದು ಪ್ರಮಾಣ ಮಾಡ್ತೀನಿ ಬಿಡು," ಎಂದು ಹೊರಟುಹೋದಳು. ಮರ್ವಿನ್ ನಿರಾಳವಾಗಿ ಅವಳ ಪಾಲಿನ ಪೈಯನ್ನೂ ತಿಂದ.

ಗುರುವಾರ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೀನುಗಾರರು ಹಿಂದಿನ ಸಾಲು ಹಿಡಿದಿದ್ದರು. ಮರ್ವಿನ್‌ನನ್ನು ಕಮಿಷನರ್ ಕುರ್ಚಿಯಿಂದ ಇಳಿಸಿ ಎದುರಿನ ಬೆಂಚಿನಲ್ಲಿ ಕೂರಿಸಲಾಯಿತು. ಅಲ್ಲಿಂದ ತನ್ನ ಫಲಕ ಓದಲು ಅವನು ಎರಡು ಸಲ ಕತ್ತು ಚಾಚಿದ್ದನ್ನು ನಾನು ನಡಾವಳಿಯಲ್ಲಿ ಬರೆಯಲಿಲ್ಲ.

ಥೆಲ್ಮಾ ಎದ್ದು ಕಾಗದ ಬಿಚ್ಚಿದಳು. "ಎಮೆಟ್ ಪೆಟಿಬೋನ್ ಊರು ಬಿಟ್ಟಿದ್ದು ಐವತ್ತೊಂಬತ್ತು ವರ್ಷದ ಹಿಂದೆ. ಆಗ ಮದುವೆ ಆಗಿರಲಿಲ್ಲ. ಈ ಯಪ್ಪನ್ನ ನೋಡಿದ್ರೆ ಅರವತ್ತೈದು ದಾಟಿರೋ ಹಾಗಿದೆ. ಅಪ್ಪನ ಮದುವೆಗೆ ಮಗ ಬಂದಿದ್ನಾ?"

ಸಭೆಯಲ್ಲಿ ಗುಸುಗುಸು ಎದ್ದಿತು. ಐವರ್ ಎದ್ದು ನಿಂತ. "ಅಲಾಸ್ಕಾ ಚಳಿಗೆ ಬೇಗ ವಯಸ್ಸಾಗುತ್ತಮ್ಮ," ಎಂದ.

"ಹೌದು, ಹೌದು," ಎಂದರು ಮೀನುಗಾರರು. ಅವರಿಗೆ ಚಳಿಯ ವಿಷಯ ಗೊತ್ತು.

ಅಧ್ಯಕ್ಷರು ಮೇಜು ಕುಟ್ಟಿದರು. "ಮನೆತನದ ಹಿರಿಯರು ಯಾರಾದ್ರೂ ಪ್ರಮಾಣ ಮಾಡ್ತಾರಾ?"

ಲೊರೆಟ್ಟಾ ಎದ್ದಳು. ಚಿಕ್ಕಪ್ಪನ ಫೋಟೋವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನೇರವಾಗಿ ನಡೆದು ಹೋಗಿ ಬಲಗೈ ಎತ್ತಿದಳು. ಐವರ್‌ನ ಕಡೆ ಒಮ್ಮೆ ನೋಡಿ, ಬೇರೆ ಕಡೆ ಮುಖ ತಿರುಗಿಸಿದಳು. "ನಾನು ಲೊರೆಟ್ಟಾ ಪೆಟಿಬೋನ್ ಹೇಲ್, ದೇವರ ಮೇಲೆ ಆಣೆ ಇಟ್ಟು..."

ಮರ್ವಿನ್ ಮಹಾ ಪೆದ್ದನಿರಬಹುದು, ಓದದೆ ಸಹಿ ಹಾಕುವವನಿರಬಹುದು. ಆದರೆ ಜೀವಮಾನದಲ್ಲಿ ಒಂದು ಸುಳ್ಳನ್ನೂ ಹೇಳದ ಅಕ್ಕ, ಮೂವತ್ತೇಳು ವರ್ಷ ಗ್ರಂಥಾಲಯದ ಒಂದು ಪುಸ್ತಕ ಕೂಡ ತಡವಾಗಿ ಹಿಂತಿರುಗಿಸದ ಅಕ್ಕ, ತನ್ನ ಸುಳ್ಳಿಗೆ ದೇವರನ್ನು ಸಾಕ್ಷಿ ಕರೆಯುವುದನ್ನು ನೋಡುತ್ತ ಕೂರಲು ಅವನಿಂದಾಗಲಿಲ್ಲ.

"ನಿಲ್ಲಿಸು ಅಕ್ಕಾ!" ಎಂದು ಬೆಂಚಿನ ಮೇಲೆ ಹತ್ತಿ ನಿಂತ. ಬೆಂಚಿನ ಮೇಲೆ ಏಕೆ ಹತ್ತಿದನೋ ಅವನಿಗೇ ಗೊತ್ತಿಲ್ಲ. "ಆಣೆ ಇಡಬೇಡ! ಇವರು ಚಿಕ್ಕಪ್ಪನ ಮಗ ಅಲ್ಲ! ಯಾರೂ ಅಲ್ಲ! ಬಾಡಿಗೆಗೆ ಬಂದವರು! ನಾನು ಗಾಲಿ ಇದೆ ಅಂದುಕೊಂಡೆ!"

ಗಾಲಿಯ ಮಾತು ಯಾರಿಗೂ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು. ಹಿಂದಿನ ಸಾಲಿನಿಂದ ಒಬ್ಬ ಮೀನುಗಾರ ನೋವಿನಿಂದ ಕೇಳಿದ:

"ಹಾಗಾದ್ರೆ ಕರಡಿ?"

ಐವರ್ ತಲೆ ತಗ್ಗಿಸಿದ. "ಕರಡೀನೂ ಇಲ್ಲ ಕಣಪ್ಪ. ನಾನು ಫಾರ್ಗೊದವನು. ಅಲ್ಲಿ ಮೊಲ ಇದೆ."

ಅವನು ಬಾಡಿಗೆಯವನು ಎಂಬುದನ್ನು ಆ ಜನ ಕ್ಷಮಿಸಿಯಾರು, ಕರಡಿ ಇಲ್ಲದ್ದನ್ನು ಕ್ಷಮಿಸುವುದು ಕಷ್ಟ ಎಂದು ನನಗೆ ಅನ್ನಿಸಿತು.

ಲೊರೆಟ್ಟಾ ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ತಮ್ಮನ ಹತ್ತಿರ ಬಂದಳು. ಅವನು ಬೆಂಚಿನಿಂದ ಇಳಿದ. ಅವಳು ಕೈಚೀಲದಿಂದ ಅವನ ತೋಳಿಗೆ ರಪ್ಪೆಂದು ಒಂದು ಬಿಟ್ಟಳು. "ಇದು ಎಮೆಟ್ ಚಿಕ್ಕಪ್ಪನ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ." ಇನ್ನೊಂದು ಬಿಟ್ಟಳು. "ಇದು ನನ್ನನ್ನ ಅಳಿಸಿದ್ದಕ್ಕೆ." ಆ ಚೀಲದಲ್ಲಿ ಗ್ರಂಥಾಲಯದ ಬೀಗದ ಕೈಗಳೆಲ್ಲ ಇದ್ದವು. ಮರ್ವಿನ್ ಎರಡನ್ನೂ ಸುಮ್ಮನೆ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಬರೀ ಪೆಟ್ಟಿನ ನೋವಿಗೆ ಬಂದದ್ದಲ್ಲ.

ಆಮೇಲೆ ಅವಳು ಐವರ್ ಮುಂದೆ ನಿಂತಳು.

"ನೀವು ನಿಜವಾಗ್ಲೂ ನನ್ನ ಚಿಕ್ಕಪ್ಪನ ಮಗ ಅಲ್ವಾ?"

"ಅಲ್ಲ. ನನ್ನನ್ನ ಕ್ಷಮಿಸಬೇಕು. ನೀವು ಮುಖ ಹಿಡಕೊಂಡಾಗ ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

"ದೂರದ ಸಂಬಂಧಾನೂ ಇಲ್ವಾ?"

"ಏನೇನೂ ಇಲ್ಲ."

"ಖಂಡಿತ?"

"ಖಂಡಿತ."

"ಮನೇಲಿ ಯಾರಿದ್ದಾರೆ?"

"ಹೆಂಡತಿ ಹೋಗಿ ಆರು ವರ್ಷ ಆಯ್ತು. ಒಬ್ನೇ."

ಲೊರೆಟ್ಟಾ ಕೈಚೀಲ ತೆರೆದು, ಸಮಿತಿಯ ಏಳು ಜನರ ಎದುರಿನಲ್ಲಿ ಅಧ್ಯಕ್ಷರ ಪಕ್ಕದ ಗಾಜಿನ ಕಪಾಟಿನಲ್ಲಿ ಮುಖ ನೋಡಿಕೊಂಡು ತುಟಿಗೆ ಬಣ್ಣ ಹಚ್ಚಿಕೊಂಡಳು. "ಸದ್ಯ!" ಎಂದಳು. "ಇದನ್ನ ಮೊದಲೇ ಹೇಳಬಾರದಿತ್ತಾ ಗೂಬೆ? ನಾನು ನಾಲ್ಕು ದಿನದಿಂದ ಪಾಪ ಪಾಪ ಅಂತ ಒದ್ದಾಡ್ತಿದ್ದೀನಿ!"

ಗೂಬೆ ಎಂದದ್ದು ತಮ್ಮನಿಗೆ. ಅದನ್ನು ನಡಾವಳಿಯಲ್ಲಿ ಸೇರಿಸಬೇಕೋ ಬೇಡವೋ ಎಂದು ಕೇಳಲು ನಾನು ಅಧ್ಯಕ್ಷರ ಕಡೆ ನೋಡಿದೆ. ಅವರು ಚಾವಣಿ ನೋಡುತ್ತಿದ್ದರು.

ಮರ್ವಿನ್‌ಗೆ ದಂಡ ಬಿತ್ತು. ರಾಜೀನಾಮೆಯನ್ನೂ ಕೊಟ್ಟ. ಆ ಗಟ್ಟಿ ಕುರ್ಚಿಗೆ ಬೇರೆ ಯಾರೂ ಬರಲು ಒಪ್ಪದ ಕಾರಣ ಸಮಿತಿ ಅದನ್ನು ಒಪ್ಪಲಿಲ್ಲ. ರೀಟಾ ಪಡಿಯಾ ಎದ್ದು, ಅತಿಥಿ ಈ ಕ್ಷಣದಿಂದ ಹಿತ್ತಲ ಮನೆಯಲ್ಲಿ ಇರುವಂತಿಲ್ಲ, ಇರಬೇಕಾದರೆ ಮೂವತ್ತು ದಿನಕ್ಕೆ ಕರಾರು ಮಾಡಿಕೊಳ್ಳಬೇಕು ಎಂದಳು.

"ಮೂವತ್ತು ಸಾಕಾಗುತ್ತಾ?" ಎಂದು ಐವರ್ ಲೊರೆಟ್ಟಾಳನ್ನು ಕೇಳಿದ.

"ನೋಡೋಣ," ಎಂದಳು ಅವಳು.

ಮರುದಿನ ಮರ್ವಿನ್ ಅಕ್ಕನ ಮನೆಗೆ ಹೋಗಿ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ತಪ್ಪಾಯಿತು ಎಂದ. ಲೊರೆಟ್ಟಾ ಅವನ ಕೈಗೆ ಕಾಗದ ಪೆನ್ನು ಕೊಟ್ಟಳು. "ತಪ್ಪಾಯ್ತು ಅಂತ ನನಗೆ ಹೇಳಬೇಡ. ಅಪ್ಪ ಬರೆಯಲಿಲ್ಲ, ನಾವೂ ಬರೆಯಲಿಲ್ಲ. ಅಲಾಸ್ಕಾದಲ್ಲಿ ಇರೋ ಪೆಟಿಬೋನ್‌ಗಳಿಗೆಲ್ಲ ಬರಿ. ಚಿಕ್ಕಪ್ಪ ಏನಾದ್ರು ಅಂತ ಕೇಳು. ಓದಿ ನೋಡಿ ಕಳಿಸು," ಎಂದಳು.

ಅವನು ಬರೆದ. ಒಂದಲ್ಲ, ಹದಿನಾಲ್ಕು ಕಾಗದ. ಕಳಿಸುವ ಮುಂಚೆ ಪ್ರತಿಯೊಂದನ್ನೂ ಓದಿದ. ಅವನ ಜೀವನದಲ್ಲಿ ಅದೊಂದು ಘಟನೆ.

ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು. ಎಮೆಟ್ ಚಿಕ್ಕಪ್ಪ ಹದಿನೆಂಟು ವರ್ಷದ ಹಿಂದೆ ತೀರಿಕೊಂಡಿದ್ದ. ಅಲ್ಲಿ ಅವನಿಗೊಂದು ಮೀನು ದೋಣಿ ಇತ್ತಂತೆ. ಜಗಳವಾಡಿದ್ದ ಅಣ್ಣನ ಹೆಸರನ್ನೇ ಅದಕ್ಕೆ ಇಟ್ಟಿದ್ದನಂತೆ. ಮೂವರು ಹೆಣ್ಣುಮಕ್ಕಳು. ಜೊತೆಯಲ್ಲೊಂದು ಫೋಟೋ ಇತ್ತು. ಲೊರೆಟ್ಟಾ, ಐವರ್, ಡೊರೀನ್, ನಾನು ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಬಗ್ಗಿ ನೋಡಿದೆವು. ಮೂವರಿಗೂ ಮರ್ವಿನ್‌ನ ಮೂಗು. ಲೊರೆಟ್ಟಾ ತಮ್ಮನ ಭುಜದ ಮೇಲೆ ಕೈ ಇಟ್ಟಳು. ಕಾಗದದ ಕೊನೆಯ ಸಾಲನ್ನು ಡೊರೀನ್ ಗಟ್ಟಿಯಾಗಿ ಓದಿದಳು:

"'ಬರುವ ಜುಲೈನಲ್ಲಿ ನಾವು ಮೂವರೂ ಸಂಸಾರ ಸಮೇತ ಬರುತ್ತೇವೆ. ಒಟ್ಟು ಹದಿನೇಳು ಜನ. ನಿಮ್ಮ ಊರಿನಲ್ಲಿ ರಕ್ತಸಂಬಂಧಿಗಳು ಎಷ್ಟು ದಿನ ಬೇಕಾದರೂ ಪುಕ್ಕಟೆ ಇರಬಹುದು ಎಂದು ನಿಯಮವೇ ಇದೆಯಂತೆ, ನೀವೇ ಬರೆದಿದ್ದೀರಲ್ಲ. ಅಂಥ ನಿಯಮ ಮಾಡಿದವರು ದೊಡ್ಡ ಮನಸ್ಸಿನವರು.'"

ಡೊರೀನ್ ಗಂಡನನ್ನು ನೋಡಿದಳು. ಅವನು ನೇರವಾಗಿ ಹಿತ್ತಲಿಗೆ ಹೋಗಿ ಬೇಲಿಯ ಹತ್ತಿರ ನಿಂತ. ಮುಖದ ತುಂಬ ನಗುವಿತ್ತು.

"ಥೆಲ್ಮಾ!" ಎಂದು ಕೂಗಿದ. "ನೆಂಟರು ಬರ್ತಿದಾರೆ! ಈ ಸಲ ನಿಜವಾದವರು! ಪುರಾವೆ ಬೇಕಾದ್ರೆ ಮೂಗು ನೋಡಿ!"

ಗಿಡಗಳ ಮೇಲೆ ಹುಲ್ಲಿನ ಟೋಪಿ ಮೂಡಿತು.

"ಎಷ್ಟು ಕಾರು?" ಎಂದಳು ಥೆಲ್ಮಾ.